ಕೆಳಗಿನ ಚೀಟಿ

ಎಡಗೆನ್ನೆ ಮುಗಿಸಿ ಬಲಗೆನ್ನೆಗೆ ಸೋಪು ಹಚ್ಚುವಾಗ ಕಟಿಂಗ್ ಶಾಪಿನವನ ಬೆರಳಿಗೆ ದಾರ ತಾಗಿತು. ಹೆಣದ ಕೊರಳಲ್ಲಿ ಮೇಣ ಸವರಿದ ದಾರ, ಅದರ ತುದಿಯಲ್ಲಿ ಒಂದು ಕೀ. ಅವನು ಕತ್ತಿಯನ್ನು ಬೋಗುಣಿಗೆ ಹಾಕಿದ. ಬದುಕಿದ್ದಾಗ ಈ ಬುಕ್ ಬೈಂಡರನ ಗಡ್ಡ ತೆಗೆಯುವಷ್ಟರಲ್ಲಿ ಸಾಕುಸಾಕಾಗುತ್ತಿತ್ತು, ಬಾಯಿ ಒಂದು ಗಳಿಗೆ ಸುಮ್ಮನಿರುತ್ತಿರಲಿಲ್ಲ. ಇವತ್ತು ತೆಪ್ಪಗೆ ಮಲಗಿದ್ದಾನೆ, ಹಾಳಾದವನು.

"ಅತ್ತಿಗೆ," ಎಂದ. ಗೋಡೆಗೊರಗಿ ಕೂತಿದ್ದ ಬೈಂಡರನ ಹೆಂಡತಿ ತಲೆ ಎತ್ತಲಿಲ್ಲ. "ಕೇಳೋ ಹೊತ್ತಲ್ಲ ಇದು, ಗೊತ್ತು. ಆದ್ರೆ ಈ ಕೀ ಬೇಕಾಗಿತ್ತು."

"ಯಾಕೆ?"

ಅವನು ಬಾಗಿಲ ಕಡೆ ನೋಡಿದ. ಅಲ್ಲಿ ಇಸ್ತ್ರಿಯವಳು ಒಳಗೆ ಬರಲೂ ಆಗದೆ, ಹೋಗಲೂ ಆಗದೆ ನಿಂತಿದ್ದಳು. ಅವಳ ಮಗಳು ಮೂರು ದಿನದಿಂದ ಆಸ್ಪತ್ರೆಯಲ್ಲಿದ್ದಳು. ಸಂಜೆ ಐದರೊಳಗೆ ಹಣ ಕಟ್ಟಿದರೆ ನಾಳೆ ಬೆಳಿಗ್ಗೆ ಎದೆಯ ಆಪರೇಷನ್, ಇಲ್ಲದಿದ್ದರೆ ಹಾಸಿಗೆ ಇನ್ನೊಬ್ಬರಿಗೆ.

"ನನ್ನ ಗಂಡಂಗೆ ತೆಗೀದ ದುಡ್ಡಿನ ಪೆಟ್ಟಿಗೇನ ಅವಳ ಮಗಳಿಗೆ ತೆಗೀಬೇಕಾ?" ಎಂದಳು ಬೈಂಡರನ ಹೆಂಡತಿ. "ಹನ್ನೊಂದು ತಿಂಗಳು ಕಾದ್ವಿ. ನಮ್ಮ ಸರದಿ ಯಾರು ನುಂಗಿದ್ರು ಹೇಳಿ. ಆಮೇಲೆ ಕೀ ಮುಟ್ಟಿ."

"ಬೇಡ ಅಕ್ಕಾ, ನಾನು ಬೇರೆ ಎಲ್ಲಾದ್ರೂ ನೋಡ್ತೀನಿ," ಎಂದಳು ಇಸ್ತ್ರಿಯವಳು. ಎಲ್ಲಿ ಎಂದು ಯಾರೂ ಕೇಳಲಿಲ್ಲ.

"ಅರ್ಧ ಗಡ್ಡದಲ್ಲಿ ಬಿದ್ದಿದಾನೆ ನನ್ನ ತಮ್ಮ," ಬೈಂಡರನ ಅಕ್ಕ ಮೂಲೆಯಿಂದ ಗದರಿದಳು. "ಮೊದ್ಲು ಅದನ್ನ ಮುಗಿಸ್ರೋ."

*

ಪೆಟ್ಟಿಗೆಯ ಯೋಚನೆ ಬೈಂಡರನದೇ. ಬೀದಿಯ ಇಪ್ಪತ್ತೆರಡು ಅಂಗಡಿಯವರು ವಾರಕ್ಕೊಮ್ಮೆ ಕೈಲಾದಷ್ಟು ಹಾಕುವುದು. ಪೆಟ್ಟಿಗೆ ಇರುವುದು ಕಟಿಂಗ್ ಶಾಪಿನ ಕನ್ನಡಿ ಕೆಳಗೆ. ಬೀಗ ಎರಡು, ಒಂದರ ಕೀ ಕಟಿಂಗ್ ಶಾಪಿನವನ ಹತ್ತಿರ, ಇನ್ನೊಂದರದು ಬೈಂಡರನ ಹತ್ತಿರ.

ಮನೆಯಲ್ಲಿ ಕಾಯಿಲೆ ಬಂದವರು ಚೀಟಿ ಬರೆದು, ಮಡಿಸಿ, ಬೈಂಡರನಿಗೆ ಕೊಡಬೇಕು. ಅವನು ಅದರ ಅಂಚನ್ನು ದಬ್ಬಣದಿಂದ ಚುಚ್ಚಿ, ತನ್ನ ಮೇಜಿನ ಮೇಲೆ ತೂಗುವ ದಾರಕ್ಕೆ ಪೋಣಿಸುತ್ತಿದ್ದ. ದಾರದ ಕೆಳತುದಿಗೆ ಗಂಟು. ಮೊದಲು ಬಂದ ಚೀಟಿ ಗಂಟಿನ ಮೇಲೆ, ಆಮೇಲೆ ಬಂದದ್ದು ಅದರ ಮೇಲೆ. ಪೆಟ್ಟಿಗೆ ತುಂಬಿದಾಗ ಎಲ್ಲಕ್ಕಿಂತ ಕೆಳಗಿನ ಚೀಟಿಯನ್ನು ಹರಿದು ತೆಗೆಯುವುದು. ಒಂದು ಸಲಕ್ಕೆ ಒಂದೇ ಮನೆ. ಅದು ಮತ್ತೆ ತುಂಬಲು ಎರಡು ತಿಂಗಳು ಬೇಕು. ಈ ವಾರ ಮತ್ತೆ ತುಂಬಿತ್ತು.

ಯಾರ ಮನೆಯ ಕಾಯಿಲೆಯೂ ಬೀದಿಯ ಬಾಯಿಗೆ ಬೀಳಬಾರದೆಂದು ಚೀಟಿ ಮಡಿಸುವ ನಿಯಮ. ಹಾಗಾಗಿ ಯಾರದು ಎಲ್ಲಿದೆ ಎಂಬುದು ಬೈಂಡರನೊಬ್ಬನಿಗೇ ಗೊತ್ತು. ಅವನನ್ನು ಅಷ್ಟು ನಂಬಿದ್ದೇ ಬೀದಿಯವರು ಮಾಡಿದ ತಪ್ಪು.

ಹೋದ ವರ್ಷ ಡಾಕ್ಟರು ಅವನ ಹೊಟ್ಟೆ ಒತ್ತಿ ನೋಡಿ, ಗಡ್ಡೆ ಇನ್ನೂ ಚಿಕ್ಕದು, ಬೇಗ ತೆಗೆಸಿ ಎಂದಿದ್ದರು. ಅವತ್ತೇ ಅವನು ಚೀಟಿ ಬರೆದು ಹೆಂಡತಿಯ ಎದುರಿಗೇ ಪೋಣಿಸಿದ.

"ಈ ಸಲ ನಮ್ದಾ?" ಎಂದು ಪೆಟ್ಟಿಗೆ ತುಂಬಿದಾಗಲೆಲ್ಲ ಅವಳು ಕೇಳುತ್ತಿದ್ದಳು.

"ನಮಗಿಂತ ಮುಂಚೆ ಒಬ್ರಿದಾರೆ ಕಣೇ. ಸ್ವಲ್ಪ ತಡ್ಕೋ."

"ತಡ್ಕೋಬೇಕಾಗಿರೋದು ನಾನಾ? ನರಳ್ತಾ ಇರೋರು ನೀವು."

"ನರಳೋದಲ್ಲ ಅದು, ಸಂಗೀತ," ಎಂದು ನಗುತ್ತಿದ್ದ. ನಗುವಾಗ ಹೊಟ್ಟೆ ಹಿಡಿದುಕೊಳ್ಳುತ್ತಿದ್ದ. ಅಂಗಿ ದೊಗಲೆಯಾಯಿತು, ಊಟ ಅರ್ಧ ತಟ್ಟೆಗೆ ಇಳಿಯಿತು. ಅವಳಿಗೆ ಕಟಿಂಗ್ ಶಾಪಿನವನ ಮೇಲೆ ಅನುಮಾನ. ಗಂಡನ ಗೆಳೆಯನೆಂದು ಹಲ್ಲುಕಚ್ಚಿ ಸುಮ್ಮನಿದ್ದಳು.

*

ಈಗ ಅವಳು ಎದ್ದು ಮುಂದಿನ ಕೋಣೆಗೆ ಹೋಗಿ, ಗೋಂದಿನ ಡಬ್ಬಿಗಳ ಮೇಲೆ ತೂಗುತ್ತಿದ್ದ ದಾರವನ್ನು ಮೊಳೆಯಿಂದ ಬಿಚ್ಚಿ ತಂದಳು.

"ಎಲ್ಲರ ಎದುರಿಗೇ ನೋಡೋಣ."

ಎರಡೇ ಚೀಟಿ ಇದ್ದವು. ಕೆಳಗಿನದರ ಮಡಿಕೆ ಬಿಡಿಸಿದಳು: ಇಸ್ತ್ರಿಯವಳ ಮಗಳ ಹೆಸರು, ಮೂರು ತಿಂಗಳ ಹಿಂದಿನ ತಾರೀಖು. ಮೇಲಿನದನ್ನು ಬಿಡಿಸಿದಳು: ಗಂಡನ ಅಕ್ಷರ, ಹನ್ನೊಂದು ತಿಂಗಳ ಹಿಂದಿನ ತಾರೀಖು.

"ನೋಡಿ, ಎಷ್ಟು ಹಳೇದು! ಇದು ಮೇಲಕ್ಕೆ ಹೆಂಗೆ ಹೋಯ್ತು? ಅಂಚೆಲ್ಲ ಯಾಕೆ ಇಲಿ ತಿಂದಂಗಿದೆ?"

ಕಟಿಂಗ್ ಶಾಪಿನವನು ಕೈ ಒರೆಸಿಕೊಂಡು ಹತ್ತಿರ ಬಂದ. ದಾರದಲ್ಲಿದ್ದ ಹಾಗೆಯೇ ಚೀಟಿಯ ಅಂಚನ್ನು ಬೆರಳಲ್ಲಿ ಸವರಿ ಎಣಿಸಿದ. ಇನ್ನೊಮ್ಮೆ ಎಣಿಸಿದ.

"ಕಿತ್ತ ಗುರುತು, ಅತ್ತಿಗೆ. ದಾರದಿಂದ ಒಂದ್ಸಲ ಕಿತ್ರೆ ಒಂದು ಹರಕು. ಇಲ್ಲಿ ಐದಿದೆ. ಅವನು ಇದನ್ನ ಬರೆದ ಮೇಲೆ ನಾವು ಪೆಟ್ಟಿಗೆ ತೆಗೆದಿದ್ದೂ ಐದೇ ಸಲ." ಅವನು ಚೀಟಿಯಿಂದ ಕೈ ತೆಗೆದ. "ಪ್ರತಿ ಸಲಾನೂ ಕೆಳಗಿದ್ದಿದ್ದು ಇದೇ. ಕಿತ್ತು, ಮತ್ತೆ ಮೇಲೆ ಪೋಣಿಸಿದಾನೆ. ಎರಡನೇ ಸಲ ದುಡ್ಡು ಹೋಗಿದ್ದು ನಮ್ಮಮ್ಮಂಗೆ."

ಬೈಂಡರನ ಹೆಂಡತಿ ಹೆಣದ ಪಕ್ಕ ಕುಕ್ಕರಿಸಿದಳು. ಒಂದು ಕೆನ್ನೆ ನುಣ್ಣಗಿತ್ತು, ಇನ್ನೊಂದರ ಮೇಲೆ ಸೋಪು ಒಣಗುತ್ತಿತ್ತು. ಅವಳಿಗೆ ಅಳು ಬರಲಿಲ್ಲ, ಮೈಯೆಲ್ಲ ಉರಿಯುವಂಥ ಸಿಟ್ಟು ಬಂತು.

"ಐದು ಸಲಾನಾ? ಒಂದೇ ಒಂದು ಸಲ ನನ್ನ ಕೇಳ್ಬೇಕು ಅನ್ನಿಸ್ಲಿಲ್ವಾ ನಿಮಗೆ? ನಾನು ಬೇಡ ಅಂತಿದ್ದೆ. ಯಾರ ಮನೆ ಮಗು ಆದ್ರೂ ಬೇಡ ಅಂತಾನೇ ಅಂತಿದ್ದೆ. ಅದಕ್ಕೇ ಕೇಳ್ಲಿಲ್ಲ, ಅಲ್ವಾ? ಬೀದಿಗೆಲ್ಲ ದೊಡ್ಡೋರಾದ್ರಿ. ನನಗೇನಾದ್ರಿ?"

ಇಸ್ತ್ರಿಯವಳು ಹೊಸ್ತಿಲಿಂದ ಹಿಂದೆ ಸರಿದಳು.

"ನಿಲ್ಲೇ ಅಲ್ಲಿ," ಎಂದಳು ಬೈಂಡರನ ಹೆಂಡತಿ, ತಿರುಗಿ ನೋಡದೆ.

ಗಂಡ ರಟ್ಟು ಕೊಯ್ಯುತ್ತಿದ್ದ ಚಾಕು ತಂದು ಅವನ ಕೊರಳಿನ ದಾರ ಕೊಯ್ದಳು. ಗಟ್ಟಿ ದಾರ, ಮೂರು ಸಲ ಎಳೆಯಬೇಕಾಯಿತು. ಕೀಯನ್ನು ಇಸ್ತ್ರಿಯವಳ ಕೈಗೆ ಒತ್ತಿದಳು.

"ಐದು ಗಂಟೆಗೆ ಮುಂಚೆ ಕಟ್ಟು. ಹೋಗು."

"ಅತ್ತಿಗೆ, ಚೀಟಿ ಹರೀಬೇಕು," ಎಂದ ಕಟಿಂಗ್ ಶಾಪಿನವನು ಮೆಲ್ಲಗೆ. "ಅವನು ಹರೀದೆ ನಾನು ಯಾವತ್ತೂ ಬೀಗ ತೆಗೆದಿಲ್ಲ."

ಅವಳು ದಾರದ ಮೇಲ್ತುದಿಯನ್ನು ಎಡಗೈಯಲ್ಲಿ ಎತ್ತಿ ಹಿಡಿದಳು. ಬಲಗೈಯಿಂದ ಕೆಳಗಿನ ಚೀಟಿಯನ್ನು ಚರ್ರನೆ ಕಿತ್ತಳು. ಮೇಲಿದ್ದ ಚೀಟಿ ಮೇಣದ ದಾರದಲ್ಲಿ ತಡೆತಡೆದು ಜಾರಿ, ಗಂಟಿನ ಮೇಲೆ ಬಂದು ಕೂತಿತು.