ಬಂಡೆ ಸಿಕ್ಕ ಜಾಗ

ಗಂಡನ ಊರಿನ ಸೇತುವೆ ಸೊಸೆಯ ಕೈಗೆ ಬರಲೇಬಾರದು. ಕುಪ್ಪಗಡ್ಡೆಯ ಹೊಳೆಗೆ ಸೇತುವೆ ಮಂಜೂರಾಗಿ ಅದರ ವಿನ್ಯಾಸ ನನ್ನ ಮೇಜಿಗೆ ಬಂದ ವಾರವೇ ಮಾವ ಗುತ್ಯಪ್ಪನವರು ಆನವಟ್ಟಿ ಸಂತೆಯಲ್ಲೆಲ್ಲ ಸಾರಿಬಿಟ್ಟರು: "ಈ ಬ್ಯಾಸಿಗೆಗೆ ನಮ್ ನಯನನ ಬ್ರಿಜ್ ಶುರು." ಅಂದಿನಿಂದ ಊರಿನವರು ನನ್ನನ್ನು ಮಾತಾಡಿಸುವುದೆಲ್ಲ ಸೇತುವೆಯ ಮೂಲಕವೇ.

ಕಂಬ ಎಷ್ಟು ಆಳದಲ್ಲಿ ಕೂರಬೇಕು ಎಂಬುದು ನನ್ನ ತಲೆನೋವು. ನೆರೆ ಬಂದಾಗ ನೀರು ಕಂಬದ ಬುಡದ ಮರಳನ್ನು ಕೊರೆದು ಗುಂಡಿ ಮಾಡುತ್ತದೆ. ಇಳಿಯುವಾಗ ತಾನೇ ಮರಳು ತಂದು ಮುಚ್ಚುತ್ತದೆ. ಬೇಸಿಗೆಯಲ್ಲಿ ಹೋಗಿ ನೋಡಿದರೆ ಕದ್ದು ಬೆಲ್ಲ ತಿಂದ ಮಗು ಬಾಯಿ ಒರೆಸಿಕೊಂಡು ಕೂತ ಹಾಗೆ ಹೊಳೆ ಸುಮ್ಮನಿರುತ್ತದೆ. ಅದಕ್ಕೇ ಕೊರೆತದ ಆಳವನ್ನು ಲೆಕ್ಕ ಹಾಕಿ, ಅಡಿಪಾಯವನ್ನು ಅದಕ್ಕೂ ಕೆಳಗೆ ಇಳಿಸಬೇಕು. ಗಟ್ಟಿ ಬಂಡೆ ಸಿಕ್ಕರೆ ಮಾತ್ರ ಅದರ ಮೇಲೇ ಕೂರಿಸಬಹುದು.

ನನ್ನ ಲೆಕ್ಕ ಹೊಳೆಯ ತಳದಿಂದ ಐದು ಮೀಟರ್ ಕೊರೆತ ಎಂದಿತು. ಮಣ್ಣು ಪರೀಕ್ಷೆಯವರು ಮಿಷನ್ನಿನಲ್ಲಿ ತೂತು ಕೊರೆದು ಕೊಟ್ಟ ವರದಿ ಎರಡೇ ಮೀಟರಿಗೆ ಬಂಡೆ ಎಂದಿತು. ನಮ್ಮ ಸಾಹೇಬರು ಪರಮಶಿವಪ್ಪನವರಿಗೆ ಖುಷಿಯೋ ಖುಷಿ.

"ಬಂಡೆ ಸಿಕ್ಕೈತಲ್ರೀ ಮೇಡಂ, ಇನ್ನೇನ್ ಯೋಚ್ನಿ? ಸೋಮವಾರ ಡ್ರಾಯಿಂಗ್ ಕಳಿಸ್ರಿ."

ನನಗೆ ಮಾತ್ರ ನೆಮ್ಮದಿಯಿಲ್ಲ. ಅಲ್ಲಿಂದ ನಾನೇ ತಂದ ಮರಳು ರವೆಯಷ್ಟು ಸಣ್ಣ; ಬಂಡೆ ಅಷ್ಟು ಹತ್ತಿರವಿದ್ದರೆ ಕಲ್ಲುಚೂರಾದರೂ ಇರಬೇಕಿತ್ತು. ಭಾನುವಾರ ಗಂಡ ತೀರ್ಥೇಶನನ್ನು ಹೊಳೆಗೆ ಕರೆದೊಯ್ದೆ. ನಕ್ಷೆ ತೋರಿಸುವ ಜಾಗದಲ್ಲಿ ಅವನು ಕಬ್ಬಿಣದ ಸಲಾಕೆ ಇಳಿಸಿದ. ಅದು ಅವನ ಎತ್ತರಕ್ಕಿಂತ ಉದ್ದ, ಎರಡೂವರೆ ಮೀಟರ್; ಹಿಡಿಯವರೆಗೂ ಇಳಿದುಹೋಯಿತು.

"ನಿಮ್ ಬಂಡೆ ಎಲ್ಲೋಯ್ತೇ?" ಎಂದ.

ಎಲ್ಲಿ ಹೋಯಿತು? ಲೆಕ್ಕ ತಪ್ಪೋ, ವರದಿ ತಪ್ಪೋ, ನಕ್ಷೆಯೇ ತಪ್ಪೋ? ಅತ್ತ ದರಿ, ಇತ್ತ ಪುಲಿ. ಬಂಡೆಯನ್ನು ನಂಬಿ, ಅದು ಇಲ್ಲದಿದ್ದರೆ ಒಂದು ದೊಡ್ಡ ನೆರೆಗೆ ಸೇತುವೆ ಕುಸಿಯುತ್ತದೆ, ಮೇಲೆ ಜನ ಇರುವಾಗಲೇ ಕುಸಿಯಬಹುದು. ನಂಬದೆ ಮತ್ತೆ ಕೊರೆಸಿದರೆ ಈ ಬೇಸಿಗೆ ಕೆಲಸವಿಲ್ಲ, ಮಾವನ ಮುಖ ನೋಡುವಂತಿಲ್ಲ. ಕೊರೆದ ದಿನ ನಾನಾದರೂ ಅಲ್ಲಿದ್ದೆನೇ? ಅದೂ ಇಲ್ಲ. ಆಗ ಮೂರು ತಿಂಗಳ ಬಸುರಿ, ಶಿಕಾರಿಪುರದ ತವರಿನಲ್ಲಿ ವಾಂತಿ ಮಾಡುತ್ತಾ ಮಲಗಿದ್ದೆ.

ರಾತ್ರಿ ಊಟಕ್ಕೆ ಕೂತಾಗ ತಡೆಯಲಾರದೆ ಗೊಣಗಿದೆ. "ನಾನೇ ಹೊಡೆಸಿದ ಗೂಟದ ಹತ್ರ ಕೊರೆದಿದ್ದಾರೆ. ಅಲ್ಲಿ ಬಂಡೆ ಹೇಗೆ ಬಂತೋ ದೇವರಿಗೇ ಗೊತ್ತು."

ಅತ್ತೆ ತಿಮ್ಮಮ್ಮ ಸಾರು ಬಡಿಸುತ್ತಿದ್ದ ಸೌಟು ನಿಲ್ಲಿಸಿದರು.

"ಆ ಕೆಂಪು ಬಣ್ಣದ ಗೂಟನಾ? ಅದನ್ನ ನಾನೇ ಕಿತ್ತು ಬಟ್ಟೆ ಒಗಿಯ ಬಂಡೆ ಹತ್ರ ಇಟ್ಟೆ ಕಣೆ."

"ಯಾಕೆ ಅತ್ತೆ?"

"ಅವ್ರು ಮಿಷನ್ ತಂದಿದ್ದು ಭೂಮಿ ಹುಣ್ಣಿಮೆ ದಿನ. ನಾವು ಬುಟ್ಟಿ ಹೊತ್ಕೊಂಡು ಹೋಗಿ ಗದ್ದೆಗೆ ಬಯಕೆ ಊಟ ಬಡಿಸ್ತಾ ಇದ್ರೆ, ಅದರ ಬುಡದಲ್ಲೇ ಕಬ್ಬಿಣ ಚುಚ್ಚೋಕೆ ನಿಂತಿದ್ರು. ಬಸುರಿ ಭೂಮಿಗೆ ಚುಚ್ಚಾದುಂಟಾ? ಅದೂ ಬಸುರಿ ಸೊಸೆ ಹೆಸರಲ್ಲಿ? ಕಲ್ಲಾದ್ರೆ ಅದಕ್ಕೆ ಹಸಿವೂ ಇಲ್ಲ, ಬಸಿರೂ ಇಲ್ಲ. ಸ್ವಲ್ಪ ಆಚೆ ಕೊರೆದ್ರೆ ಹೊಳೆ ಬೇರೆ ಆಗುತ್ತಾ?"

ಸಿಟ್ಟು ನೆತ್ತಿಗೇರಿತು. ಆದರೆ ನನ್ನ ಹೊಟ್ಟೆಗಾಗಿ ಕಿತ್ತ ಗೂಟಕ್ಕೆ ಏನೆಂದು ಬೈಯಲಿ? ಅತ್ತೆಯ ಮೇಲೆ ಪ್ರೀತಿ ಬಂತು, ಅದಕ್ಕೆ ಇನ್ನಷ್ಟು ಸಿಟ್ಟೂ ಬಂತು.

ಬೆಳಿಗ್ಗೆ ಸಾಹೇಬರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ತಲೆ ಚಚ್ಚಿಕೊಂಡು, ಕೊನೆಗೆ ಮತ್ತೆ ಕೊರೆಸಲು ಒಪ್ಪಿದರು. ಕೆಲಸ ಮುಂದಿನ ವರ್ಷಕ್ಕೆ ಹೋಯಿತು. ಮಾವ ಎರಡು ಸಂತೆ ತಪ್ಪಿಸಿದರು.

ಕೆಲವೇ ವಾರಗಳಲ್ಲಿ ಮಿಷನ್ ಮತ್ತೆ ಬಂದ ದಿನ ಅತ್ತೆಯೂ ಹೊಳೆಗೆ ಬಂದರು. ನಾನು ಗೂಟ ಹೊಡೆಸುವುದನ್ನು ನೋಡುತ್ತಾ ಮೆಲ್ಲಗೆ ಕೇಳಿದರು, "ಈಗ ಚುಚ್ಚಬೋದಾ?"

"ಕೊಯ್ಲಾಗಿದೆ ಅತ್ತೆ. ಭೂಮಿಗೆ ಹೆರಿಗೆ ಆಯ್ತು."

ಕೊಳವೆ ಇಳಿಯತೊಡಗಿತು. ಎರಡು ಮೀಟರ್ ದಾಟಿತು, ಮರಳು. ಐದು ದಾಟಿತು, ಅದೇ ರವೆಯಂಥ ಮರಳು. ಪ್ರತಿ ಸಲ ಮೇಲೆ ಬಂದ ಒದ್ದೆ ಮರಳನ್ನು ಅತ್ತೆ ಬಗ್ಗಿ ಬೆರಳಲ್ಲಿ ಮುಟ್ಟಿ ನೋಡುತ್ತಿದ್ದರು. ಒಂಬತ್ತಕ್ಕೂ ಬಂಡೆ ಸಿಗದಾಗ ಅವರು ನನ್ನ ಹೊಟ್ಟೆಯ ಮೇಲೆ ಅಂಗೈ ಇಟ್ಟರು. ಕೈಗೆ ಅಂಟಿದ್ದ ಮರಳು ನನ್ನ ಸೀರೆಗೂ ಅಂಟಿತು.

"ಇದ್ರ ಮೇಲೆ ಕಂಬ ನಿಲ್ಲಿಸಿ, ಈ ಮಗೂನ ನಾನೇ ಕೈ ಹಿಡ್ಕೊಂಡು ದಾಟಿಸ್ತಿದ್ನಲ್ಲೇ" ಎಂದರು.