ಎಂಟನೆಯ ಸೆಕೆಂಡು

ಶೀಳನೆರೆಯ ಜವರಯ್ಯನ ಮನೆಯ ಹಿಂದಿನ ಕೋಣೆಯಲ್ಲಿ, ಸಿಮೆಂಟಿನ ಕಟ್ಟೆಯ ಮೇಲೆ, ಭೂಕಂಪ ಅಳೆಯುವ ಪೆಟ್ಟಿಗೆಯೊಂದಿತ್ತು. ಲಾತೂರಿನ ಭೂಕಂಪದ ಮರುವರ್ಷ ಸಂಶೋಧಕ ರವೀಂದ್ರ ಅದನ್ನು ಅಲ್ಲಿ ಕೂರಿಸಿದ್ದ. ವಾರಕ್ಕೊಮ್ಮೆ ದೂಳು ಒರೆಸಿ, ಬ್ಯಾಟರಿಯ ದೀಪ ಉರಿಯುತ್ತಿದೆಯೇ ಎಂದು ನೋಡುವುದು ಜವರಯ್ಯನ ಕೆಲಸ.

ಶ್ರಾವಣದ ಒಂದು ಮಧ್ಯಾಹ್ನ ನೆಲ ನಡುಗಿತು. ನಡೆಯಲಾಗದ ಅತ್ತೆ ಬೆಟ್ಟಮ್ಮನನ್ನು ಜವರಯ್ಯನ ಹೆಂಡತಿ ನಿಂಗಮ್ಮ ಒಬ್ಬಳೇ ಎತ್ತಿಕೊಂಡು ಅಂಗಳಕ್ಕೆ ಓಡಿದಳು. ಹೆಂಚು ಬಿದ್ದು ಅವಳ ಭುಜ ಸೀಳಿತು. ಎಲ್ಲ ನಿಂತ ಮೇಲೆ ಹಿತ್ತಿಲ ಕಡೆಯಿಂದ ಬಂದ ಗಂಡ, ಗದ್ದೆಯಲ್ಲಿದ್ದೆ ಎಂದ. ಅವಳು ನಂಬಿದಳು.

ತಿಂಗಳಾದ ಮೇಲೆ ರವೀಂದ್ರ ಕೆ.ಆರ್. ಪೇಟೆ ಬಸ್ಸಿನಲ್ಲಿ ಬಂದಿಳಿದು, ಅಂದಿನ ನಡುಕ ದಾಖಲಾಗಿದ್ದ ಕಾಗದದ ಸುರುಳಿ ಬಿಚ್ಚಿದ.

"ಜವರಯ್ಯನೋರೆ, ನೆಲ ನಿಂತ ಮೇಲೆ ಈ ಗೆರೆ ಸೊನ್ನೆಗೆ ವಾಪಸ್ ಬರ್ಬೇಕು. ಎಂಟನೇ ಸೆಕೆಂಡಿಗೆ ಸ್ವಲ್ಪ ಮೇಲೆ ಹೋಗಿದೆ, ಇಳಿದೇ ಇಲ್ಲ. ಹಾಗೇ ಲೆಕ್ಕ ಹಾಕಿದ್ರೆ ನಿಮ್ಮ ಮನೆ ಮೂರಡಿ ಜರುಗಿದೆ ಅಂತ ಬರುತ್ತೆ."

"ಮನೆ ಇಲ್ಲೇ ಅದಲ್ಲ ಸಾರ್."

"ಅದಕ್ಕೇ ತಿದ್ದಬೇಕು. ಕಾರಣ ಗೊತ್ತಿಲ್ದೆ ತಿದ್ದಿದ್ರೆ ಬರೀ ನನ್ನ ಊಹೆ ಆಗುತ್ತೆ."

ಅವನು ಕೋಣೆಗೆ ಹೋಗಿ ಓರೆ ಅಳೆಯುವ ರಸಮಟ್ಟ ಇಟ್ಟು ನೋಡಿದ. ಬೋಲ್ಟು ಸಡಿಲವಾಗಿ ಪೆಟ್ಟಿಗೆ ಕೂದಲೆಳೆಯಷ್ಟು ವಾಲಿತ್ತು. "ಯಾರಾದ್ರೂ ಎಳೆದ್ರಾ?"

"ಬೆಕ್ಕು ನೆಗೆದಿರ್ಬೇಕು," ಎಂದ ಜವರಯ್ಯ.

ರವೀಂದ್ರ ಹಾಗೆಯೇ ಬರೆದುಕೊಳ್ಳತೊಡಗಿದ. ಕಾಫಿ ತಂದ ನಿಂಗಮ್ಮ ಬಾಗಿಲಲ್ಲಿ ನಿಂತಿದ್ದಳು. ಭುಜದ ಗಾಯ ಇನ್ನೂ ಕೆಂಪಗಿತ್ತು.

"ಬರೀಬ್ಯಾಡಿ ಸಾರ್," ಎಂದ ಜವರಯ್ಯ, ಅದನ್ನು ನೋಡಿ. "ಬೆಕ್ಕಲ್ಲ, ನಾನು. ದೂಳು ಒರಸಕ್ಕೆ ಹಿತ್ಲಿಂದ ಒಳೀಕೆ ಬಂದಿದ್ದೆ. ಅವ್ವ ಕೂಗ್ತಿದ್ದದ್ದು ಕೇಳುಸ್ತು. ಕಾಲೇ ಬರ್ನಿಲ್ಲ. ಇದ್ನ ತಬ್ಕೊಂಡು ನಿಂತ್ಬುಟ್ಟೆ."

"ಪೆಟ್ಟಿಗೆ ಬೀಳುತ್ತೆ ಅಂತಾನಾ?"

ಹೌದು ಎಂದಿದ್ದರೆ ಮಾನ ಉಳಿಯುತ್ತಿತ್ತು. ಜವರಯ್ಯ ನೆಲ ನೋಡಿದ. "ಇಲ್ಲ ಸಾರ್. ಎದ್ರುಕೆ."

ನಿಂಗಮ್ಮ ಲೋಟ ಕೆಳಗಿಟ್ಟು ಹೊರಟುಹೋದಳು. ಎಂಟನೆಯ ಸೆಕೆಂಡಿನಲ್ಲಿ ಗೆರೆಯನ್ನು ಎರಡು ಭಾಗ ಮಾಡಿ, ಒಂದೊಂದನ್ನೂ ಬೇರೆಯಾಗಿ ಸೊನ್ನೆಗೆ ತರುತ್ತೇನೆ, ದಾಖಲೆ ಕೆಟ್ಟಿಲ್ಲ ಎಂದು ರವೀಂದ್ರ ಸಮಾಧಾನ ಹೇಳಿದ.

ಮೂರು ದಿನ ನಿಂಗಮ್ಮ ಗಂಡನಿಗೆ ಬಡಿಸಿಟ್ಟು ಕೊಟ್ಟಿಗೆಗೆ ಹೋಗಿಬಿಡುತ್ತಿದ್ದಳು. ನಾಲ್ಕನೆಯ ದಿನ ಹಾಲು ಕರೆಯುತ್ತಾ, ತಿರುಗದೆ ಹೇಳಿದಳು:

"ಎದ್ರುಕೊಂಡಿದ್ದು ತಪ್ಪಲ್ಲ. ನಂಗೂ ಎದ್ರುಕೆ ಆಗಿತ್ತು. ರಕ್ತ ಸುರೀತಿದ್ರೂ, ನಿಂಗೇನಾಯ್ತೋ ಅಂತ ನಾನು ಗದ್ದೆ ಕಡೀಕೇ ನೋಡ್ತಿದ್ದೆ."

ಕರುವಿನ ಹಗ್ಗ ಹಿಡಿದು ನಿಂತಿದ್ದ ಜವರಯ್ಯ ಅದನ್ನು ಕೈಗೆ ಇನ್ನೊಂದು ಸುತ್ತು ಸುತ್ತಿಕೊಂಡ.