ಮೊದಲು ಪಾದ ಹಿಡಿ

ಬದುಕಿದ್ದವರಿಗೆ ಹೆದರಬೇಕಾದ ಈ ಕಾಲದಲ್ಲಿ ನ್ಯಾಮತಿಯ ಮಸರತ್ ಸತ್ತವರಿಗೆ ಹೆದರುತ್ತಿದ್ದಳು. ಅದು ಅಂತಿಂಥ ಹೆದರಿಕೆಯಲ್ಲ. ತವರೂರು ಉಬ್ರಾಣಿಯಲ್ಲಿ ಅವಳು ಒಂಬತ್ತು ವರ್ಷದವಳಿದ್ದಾಗ, ಬಾವಿಯಿಂದ ಎತ್ತಿ ಮಲಗಿಸಿದ್ದ ತಾಯಿಯ ಮುಖವನ್ನು ಕೊನೇ ಸಲ ನೋಡು ಎಂದು ದೊಡ್ಡವರು ಕತ್ತು ಹಿಡಿದು ಬಗ್ಗಿಸಿದ್ದರು. ಎಳೆಯ ಮಗುವಿಗೆ ಏನು ತೋರಿಸಬಾರದು ಎಂಬ ಬುದ್ಧಿ ಆ ದೊಡ್ಡವರಿಗೆ ಇರಲಿಲ್ಲ. ಅಂದಿನಿಂದ ಸಾವಾದ ಮನೆಯ ಬೀದಿಗೆ ಕಾಲಿಟ್ಟರೆ ಸಾಕು, ಅವಳ ಕೈಕಾಲು ತಣ್ಣಗಾಗಿ ಉಸಿರು ಕಟ್ಟುತ್ತಿತ್ತು. ಹೆತ್ತ ಅಪ್ಪ ತೀರಿಕೊಂಡಾಗಲೂ ಬೀದಿಯ ತುದಿಯಲ್ಲಿ ಕರೆಂಟ್ ಕಂಬ ಹಿಡಿದು ನಿಂತವಳು ಮುಂದಕ್ಕೆ ಹೋಗಲಿಲ್ಲ.

ಇಂಥವಳು ಸೊಸೆಯಾಗಿ ಬಂದದ್ದು ಶಹರಬಾನುವಿನ ಮನೆಗೆ. ಊರಿನ ಮುಸ್ಲಿಂ ಹೆಂಗಸರು ಯಾರೇ ತೀರಿಕೊಂಡರೂ ಮೈ ತೊಳೆದು ಕಫನ್ ಉಡಿಸುವವಳು ಮೂವತ್ತು ವರ್ಷದಿಂದ ಅವಳೇ. ಹೋದ ವರ್ಷ ರಂಜಾನ್ ಕಳೆದ ಮೇಲೆ ಒಂದು ದಿನ ಸೊಸೆಯನ್ನು ಎದುರಿಗೆ ಕೂರಿಸಿಕೊಂಡು ನೇರವಾಗಿ ಹೇಳಿದಳು.

"ನಾನು ಹೋದ ದಿನ ನನ್ನ ಮೈ ತೊಳೆಯಾಕೆ ನಿನ್ನ ಕೈಯೇ ಬೇಕು. ಬೇರೆಯವರು ಬ್ಯಾಡ. ಅವರ ಬಾಯಿ ಸುಮ್ನಿರಲ್ಲ."

"ನನ್ನ ಕೈಲಿ ಆಗಲ್ಲ ಅಮ್ಮೀ."

"ಇವತ್ತೇ ಮಾಡು ಅಂದ್ನಾ? ಒಂದೊಂದೇ ಮೆಟ್ಲು ಹತ್ತೋಣ ಬೇಟಿ. ಹೆದರಿಕೆ ಬಂದ್ರೆ ಓಡಬ್ಯಾಡ. ಅದು ಇಳಿಯೋಗಂಟ ನಿಂತ್ಕೊ, ಅಷ್ಟೇ."

ಮೊದಲ ಮೆಟ್ಟಿಲು, ಮಸೀದಿಯ ಹಿಂದಿನ ಕೋಣೆಯಲ್ಲಿದ್ದ ಖಾಲಿ ಹಲಗೆ. ಹೆಣ ಮಲಗಿಸಿ ತೊಳೆಯುವ ಹಲಗೆ ಅದು. ಮುಟ್ಟಲು ಹೋದ ಮಸರತ್ ಮೂರು ಸಲ ಕೈ ಹಿಂದೆಳೆದುಕೊಂಡಳು. "ಹಲಗೆಗೇನು ಹಲ್ಲೈತಾ, ಕಚ್ಚಾಕೆ?" ಎಂದು ಶಹರಬಾನು ತಾನೇ ಅದರ ಮೇಲೆ ಕುಳಿತು ಎಲೆಅಡಿಕೆ ಹಾಕಿಕೊಂಡಳು. ವಾರದೊಳಗೆ ಸೊಸೆಯೂ ಪಕ್ಕದಲ್ಲಿ ಕುಳಿತಳು. ಆಮೇಲೆ ಕಫನ್ ಬಟ್ಟೆ ಅಳೆದು ಹರಿಯುವುದನ್ನು ಕಲಿತಳು. ಆಮೇಲೆ ಯಾರದೋ ಮನೆಯಲ್ಲಿ ಪರದೆಯ ಹೊರಗೆ ನಿಂತು ಬಿಸಿನೀರಿನ ಕೊಡ ಒಳಗೆ ದಾಟಿಸುವ ಕೆಲಸ ಬಂತು. ಅಂದು ಕೊಡದ ಜೊತೆ ತಾನೂ ನೆಲಕ್ಕೆ ಬಿದ್ದಳು. ನೆರೆದ ಹೆಂಗಸರು ಬಾಯಿಗೆ ಸೆರಗಿಟ್ಟು ನಕ್ಕರು. ಶಹರಬಾನು ನಗಲಿಲ್ಲ, ಮುಂದಿನ ಸಾವಿನಲ್ಲಿ ಅವಳನ್ನು ಅದೇ ಜಾಗದಲ್ಲಿ ನಿಲ್ಲಿಸಿದಳು.

ಮಳೆಗಾಲ ಮುಗಿಯುವ ಹೊತ್ತಿಗೆ ಮಸರತ್ ಪರದೆಯ ಒಳಗೆ ಬಂದಿದ್ದಳು.

"ಮುಖದ ತಂಟೆಗೆ ಹೋಗಬ್ಯಾಡ. ಮೊದಲು ಪಾದ ಹಿಡಿ. ಪಾದ ಯಾರನ್ನೂ ನೋಡಲ್ಲ," ಎಂದಳು ಶಹರಬಾನು.

ಹಿಡಿದಳು. ಎದೆ ಡವಡವ ಹೊಡೆದುಕೊಂಡು, ಬಹಳ ಹೊತ್ತಿನ ಮೇಲೆ ಸುಮ್ಮನಾಯಿತು. ಹೆತ್ತಮ್ಮನ ಪಾದವನ್ನು ಅಂದು ಯಾರಾದರೂ ಹಿಡಿದುಕೊಂಡಿದ್ದರೋ ಇಲ್ಲವೋ ಎಂದು ನೆನೆದು ಮನೆಗೆ ಬಂದು ಅತ್ತಳು. ಶಹರಬಾನು ಅವಳನ್ನು ಅಳಲು ಬಿಟ್ಟು, ಎಂದಿನ ಮಾತನ್ನೇ ಹೇಳಿದಳು. "ನೋಡಿದ್ದು ಹಲಗೆ ಮ್ಯಾಲೇ ಬಿಟ್ಟು ಬರಬೇಕು. ಗಂಡನ ಹತ್ರನೂ ಬಾಯಿ ಬಿಡಂಗಿಲ್ಲ."

ಸೊಸೆ ಒಂದು ಮೆಟ್ಟಿಲು ಹತ್ತಿದ ಮಾರನೆಯ ದಿನ ಅತ್ತೆ ಹೊನ್ನಾಳಿಯ ತಂಗಿ ಮನೆಗೆಂದು ಬಸ್ ಹತ್ತುತ್ತಿದ್ದಳು. ಸಂಜೆ ಸೋತ ಮುಖ ಹೊತ್ತು ಬರುತ್ತಿದ್ದಳು. ಅವಳ ಬಟ್ಟೆ ಅವಳೇ ಒಗೆದುಕೊಳ್ಳುತ್ತಿದ್ದಳು, ಮೈಯಲ್ಲಿ ಸದಾ ಕರ್ಪೂರದ ವಾಸನೆ. ಮಸರತ್ ಕೇಳಿದರೆ, "ಮಯ್ಯತ್ ತೊಳೆಯೋಳ ಮೈಯಾಗೆ ಕರ್ಪೂರ ಅಲ್ದೆ ಮಲ್ಲಿಗೆ ಘಮ್ ಅಂತೈತಾ?" ಎಂದು ಬಾಯಿ ಮುಚ್ಚಿಸುತ್ತಿದ್ದಳು.

ಫೆಬ್ರವರಿಯ ಒಂದು ಮಧ್ಯಾಹ್ನ ಶಹರಬಾನು ಬಟ್ಟೆ ಒಗೆಯುವ ಕಲ್ಲಿನ ಬಳಿ ಕುಸಿದವಳು ಏಳಲಿಲ್ಲ. ಬಂದ ಡಾಕ್ಟರು ನಾಡಿ ನೋಡಿ ಹಾರ್ಟು ಎಂದರು. ವೆಲ್ಡಿಂಗ್ ಶಾಪಿನಿಂದ ಓಡಿಬಂದ ಮಗ ಮತೀನ್ ಗೋಡೆಗೆ ತಲೆ ಚಚ್ಚಿಕೊಂಡು ಅತ್ತ. ಹೆಂಗಸರೆಲ್ಲ ಮಸರತ್‌ಳ ಕಡೆ ನೋಡಿದರು. ಅವಳು ಪರದೆ ಸರಿಸಿ ಒಳಗೆ ಹೋದಳು.

ನೀರು ಹಾಕಲು ಪಕ್ಕದ ಮನೆಯ ಅಫ್ಶೀನ್ ಜೊತೆಗಿದ್ದಳು. ಕೈಗೆ ಬಟ್ಟೆ ಸುತ್ತಿಕೊಂಡ ಮಸರತ್, ಮೈಮೇಲೆ ಹೊದಿಸಿದ್ದ ಚಾದರದ ಕೆಳಗೆ ಕೈಯಾಡಿಸುತ್ತ ಎದೆಯ ಹತ್ತಿರ ಬಂದಳು. ಅಲ್ಲಿ ಬಿಗಿಯಾಗಿ ಕಟ್ಟಿದ ಪಟ್ಟಿಯೊಂದು ಸಿಕ್ಕಿತು. ಕೈ ನಿಂತಿತು.

"ನೀರು ಆರೈತೆ. ಇನ್ನೊಂದು ಕೊಡ ಬಿಸಿ ಮಾಡ್ಕೊಂಡು ಬಾ ಹೋಗು."

ಅಫ್ಶೀನ್ ಹೊರಗೆ ಹೋದ ಮೇಲೆ ಪಟ್ಟಿ ಬಿಚ್ಚಿದಳು. ಕರ್ಪೂರದ ಚೂರುಗಳು ಉದುರಿದವು. ಎಡ ಮೊಲೆಯ ಜಾಗದಲ್ಲಿ ಅಂಗೈ ಅಗಲದ, ಕೊಳೆತು ಬಾಯಿಬಿಟ್ಟ ಹುಣ್ಣು.

ಹಳೆಯ ಭಯ ಎದ್ದು ಬಂತು. ಕೈಕಾಲು ತಣ್ಣಗಾದವು, ಕಾಲು ಬಾಗಿಲ ಕಡೆಗೇ ತಿರುಗಿತು. ಮಸರತ್ ಅತ್ತೆಯ ಎರಡೂ ಪಾದ ಗಟ್ಟಿಯಾಗಿ ಹಿಡಿದು, ಭಯ ಇಳಿಯುವ ತನಕ ನಿಂತಳು. ಆಮೇಲೆ ಹುಣ್ಣನ್ನು ಮೆಲ್ಲಗೆ ತೊಳೆದು, ಹತ್ತಿಯಿಟ್ಟು, ಕಫನ್ನಿನ ತುಂಡಿನಿಂದ ಕಟ್ಟಿ, ಚಾದರ ಎಳೆದಳು. ಕೊಡ ತಂದ ಅಫ್ಶೀನ್ ಮುಖ ಮುಂದೆ ಚಾಚಿ ಕೇಳಿದಳು, "ಏನಾರ ಇತ್ತಾ?"

"ಏನಿಲ್ಲ. ನೀರು ಹಾಕು."

ಮೂರನೆಯ ದಿನ ಅತ್ತೆಯ ಎಲೆಅಡಿಕೆ ಸಂಚಿ ಬಿಚ್ಚಿದಾಗ ನಾಲ್ಕು ಬಸ್ ಟಿಕೆಟ್ ಸಿಕ್ಕವು, ಹೆಂಗಸರಿಗೆ ಕೊಡುವ ಪುಕ್ಕಟೆ ಟಿಕೆಟ್‌ಗಳು. ಒಂದು ಹೊನ್ನಾಳಿಯವರೆಗೆ. ಉಳಿದ ಮೂರು ದಾವಣಗೆರೆಗೆ. ಕೊನೆಯದರಲ್ಲಿ ಸುತ್ತಿಟ್ಟದ್ದು ಆಸ್ಪತ್ರೆಯ ಚೀಟಿ: ಶಹರಬಾನು, ಅರವತ್ತೊಂದು ವರ್ಷ, ಟೋಕನ್ ನಲವತ್ತೇಳು. ಡಾಕ್ಟರು ಬರೆಯಬೇಕಾದ ಜಾಗ ಪೂರಾ ಖಾಲಿ. ತಾರೀಕು, ಮಸರತ್ ಮೊದಲ ಸಲ ಪಾದ ಹಿಡಿದ ದಿನದ ಮಾರನೆಯದು.

ಮುದುಕಿಯೂ ಮೆಟ್ಟಿಲು ಹತ್ತುತ್ತಿದ್ದಳು. ಊರಿನ ಹೆಂಗಸರ ಮೈಯೆಲ್ಲ ತೊಳೆದವಳು ತನ್ನ ಮೈಯನ್ನು ಡಾಕ್ಟರ ಮುಂದೆ ತೆರೆಯಲು ಹೆದರಿ, ಚೀಟಿ ಮಾಡಿಸಿದ ಮೇಲೂ ಎದ್ದು ಓಡಿಬಂದಿದ್ದಳು. ಓಡಬೇಡ ಎಂದು ಹೇಳಲು ಪಕ್ಕದಲ್ಲಿ ಯಾರೂ ಇರಲಿಲ್ಲ. ಮಸರತ್‌ಗೆ ದುಃಖಕ್ಕಿಂತ ಮೊದಲು ಸಿಟ್ಟು ಬಂತು. ನನ್ನನ್ನು ಕರೆದಿದ್ದರೆ ಅಲ್ಲಿಯೂ ನಿನ್ನ ಪಾದ ಹಿಡಿದುಕೊಂಡು ಕೂರುತ್ತಿದ್ದೆನಲ್ಲ ಅಮ್ಮೀ.

"ಏನದು?" ಎಂದ ಮತೀನ್, ಬಾಗಿಲಲ್ಲಿ ನಿಂತು.

"ಹೊನ್ನಾಳಿ ಬಸ್ಸಿನ ಟಿಕೇಟು. ತಂಗಿ ಮನೆಗೆ ಹೋಗ್ತಿದ್ರಲ್ಲ," ಎಂದು ಮಸರತ್ ಎಲ್ಲವನ್ನೂ ಮುದ್ದೆ ಮಾಡಿ ಹಂಡೆಯ ಒಲೆಗೆ ಹಾಕಿದಳು.